ತಂಬೂರಿಯನ್ನು ಗದ್ದಲವೆಂದು ಬಗೆದ ಫೋನು

ದಾವಣಗೆರೆಯ ವಿದ್ಯಾನಗರದಲ್ಲಿರುವ ನನ್ನ ಅಣ್ಣನ ಮಗಳು ಮೈಸೂರಿನ ಗುರುಗಳೊಬ್ಬರಿಂದ ಎರಡು ವರ್ಷಗಳಿಂದ ಫೋನಿನ ಮೂಲಕವೇ ಕರ್ನಾಟಕ ಸಂಗೀತ ಕಲಿಯುತ್ತಿದ್ದಾಳೆ. ಕಳೆದ ಶ್ರಾವಣದಲ್ಲಿ ಒಂದು ಸಂಜೆ ಅವಳ ಪಾಠದ ಹೊತ್ತಿಗೆ ನಾನೂ ಅದೇ ಕೋಣೆಯಲ್ಲಿದ್ದೆ. ಅವಳು ಆದಿತಾಳ ಹಾಕಿಕೊಂಡು ಸರಳೆ ವರಸೆಯನ್ನು, ಅಂದರೆ ಆರಂಭದ ಸ್ವರಪಾಠವನ್ನು, ಮೂರನೆಯ ಕಾಲದಲ್ಲಿ, ಒಂದು ಪೆಟ್ಟಿಗೆ ನಾಲ್ಕು ಸ್ವರದಂತೆ, ಹಾಡುತ್ತಿದ್ದಳು. ಪಕ್ಕದಲ್ಲಿ ಕುಳಿತ ನನಗೆ ತಾಳ ಕೂದಲೆಳೆಯಷ್ಟೂ ಜಾರಿದಂತೆ ಕೇಳಲಿಲ್ಲ. ಆದರೆ ಆ ಕಡೆಯಿಂದ "ತಾಳ ಹಿಂದೆ ಬೀಳ್ತಾ ಇದೆಯಮ್ಮ, ನನ್ನ ಜೊತೆಗೇ ಬಾ" ಎಂಬ ಮಾತು ಮತ್ತೆ ಮತ್ತೆ ಬರುತ್ತಿತ್ತು. ಎಲೆಕ್ಟ್ರಾನಿಕ್ ತಂಬೂರಿ ಅವಳ ಮೊಣಕಾಲ ಬಳಿಯೇ ನುಡಿಯುತ್ತಿದ್ದರೂ "ಶ್ರುತಿ ಹಾಕಿಕೊಂಡಿಲ್ಲವೇನು?" ಎಂಬ ಪ್ರಶ್ನೆಯೂ ಬಂತು. ಪಾಠ ಮುಗಿದ ಮೇಲೆ ಮನೆಯಲ್ಲಿ ಎರಡು ತೀರ್ಮಾನಗಳಾದವು: ನೆಟ್‌ವರ್ಕ್ ಸರಿಯಿಲ್ಲ, ಹುಡುಗಿಗೆ ಲಯಜ್ಞಾನ ಸಾಲದು. ಎರಡೂ ತಪ್ಪು. ಎರಡನೆಯದಂತೂ ಒಂದು ಮಗುವಿನ ಕಲಿಕೆಯನ್ನೇ ಕೆಡಿಸಬಲ್ಲಂಥ ತಪ್ಪಾದ್ದರಿಂದ ಈ ಲೇಖನವನ್ನು ಬರೆಯಬೇಕೆನಿಸಿತು.

ಮೊದಲು ತಾಳದ ವಿಷಯ. ಗಾಜಿನ ತಂತಿಯೊಳಗೆ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಸಾಗುತ್ತದೆ. ದಾವಣಗೆರೆಯಿಂದ ಹೊರಟ ದನಿ ಊರೂರು ಸುತ್ತಿ 1000 ಕಿಲೋಮೀಟರ್ ಕ್ರಮಿಸಿ ಮೈಸೂರು ಸೇರಿದರೂ ಆ ಪ್ರಯಾಣಕ್ಕೆ ಬೇಕಾಗುವುದು 5 ಮಿಲಿಸೆಕೆಂಡು ಮಾತ್ರ. ಹಾಗಾದರೆ ತಡವಾಗುವುದು ದಾರಿಯಲ್ಲಲ್ಲ, ಎರಡು ತುದಿಗಳಲ್ಲಿ. ನಮ್ಮ ಎಪಿಎಂಸಿ ಅಂಗಳಕ್ಕೆ ಮೆಕ್ಕೆಜೋಳವನ್ನು ಯಾರೂ ಒಂದೊಂದೇ ಕಾಳಾಗಿ ತರುವುದಿಲ್ಲ. ಚೀಲ ತುಂಬಬೇಕು, ಬಾಯಿ ಹೊಲಿಯಬೇಕು, ಆಮೇಲೆ ಗಾಡಿಗೆ ಹೇರಬೇಕು. ಫೋನೂ ಸೆಕೆಂಡಿಗೆ 48,000 ಸಲ ದನಿಯನ್ನು ಅಳೆದು, ಸಾಮಾನ್ಯವಾಗಿ 20 ಮಿಲಿಸೆಕೆಂಡಿನಷ್ಟು ದನಿಯನ್ನು, ಅಂದರೆ 960 ಅಳತೆಗಳನ್ನು, ಒಂದು ಚೀಲಕ್ಕೆ ತುಂಬಿ, ಹಿಂಡಿ ಚಿಕ್ಕದು ಮಾಡಿ ಕಳಿಸುತ್ತದೆ. ಚೀಲಗಳು ಒಂದೇ ಅಂತರದಲ್ಲಿ ತಲುಪುವುದಿಲ್ಲವಾದ್ದರಿಂದ ಆ ಕಡೆಯ ಫೋನು ನಾಲ್ಕಾರು ಚೀಲಗಳನ್ನು ಮೊದಲೇ ಕೂಡಿಟ್ಟುಕೊಂಡು ಆನಂತರ ಒಂದೊಂದಾಗಿ ಬಿಚ್ಚುತ್ತದೆ; ಇಲ್ಲವಾದರೆ ದನಿ ನಡುನಡುವೆ ತುಂಡಾಗುತ್ತದೆ. ಇವೆಲ್ಲ ಸೇರಿ ಒಂದು ದಿಕ್ಕಿನಲ್ಲಿ 150 ಮಿಲಿಸೆಕೆಂಡು ತಡವಾಗುವುದು ಅಪರೂಪವೇನಲ್ಲ. ಮಾತಿಗೆ ಅದು ತೊಡಕೂ ಅಲ್ಲ. ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟವೇ ದೂರವಾಣಿ ಮಾತುಕತೆಗೆ ಆ ಮಿತಿಯೊಳಗಿನ ತಡ ಸಾಕೆಂದು ಹೇಳಿದೆ.

ಸಂಗೀತಕ್ಕೆ ಮಾತ್ರ ಅದು ಸಾಲದು. ಗಾಳಿಯಲ್ಲಿ ಶಬ್ದ ಸೆಕೆಂಡಿಗೆ ಸುಮಾರು 343 ಮೀಟರ್ ಚಲಿಸುವುದರಿಂದ 150 ಮಿಲಿಸೆಕೆಂಡಿನ ತಡವೆಂದರೆ ಗುರುಶಿಷ್ಯರ ನಡುವೆ 51 ಮೀಟರ್ ಅಂತರ. ಚಿತ್ರದುರ್ಗದ ಕೋಟೆಯಲ್ಲಿ ಗುರುಗಳನ್ನು ಒಂದು ಬತೇರಿಯ ಮೇಲೆ ಕೂರಿಸಿ, ಶಿಷ್ಯೆಯನ್ನು ಅಷ್ಟು ದೂರದ ಇನ್ನೊಂದು ಬಂಡೆಯ ಮೇಲೆ ಕೂರಿಸಿ, ಕಣ್ಣು ಮುಚ್ಚಿಸಿ, ಒಟ್ಟಿಗೆ ಹಾಡಿರೆಂದರೆ ಏನಾದೀತೋ ಇಲ್ಲಿ ಆಗುವುದೂ ಅದೇ. ಗುರುಗಳ ದನಿ ಅವಳಿಗೆ 150 ಮಿಲಿಸೆಕೆಂಡು ತಡವಾಗಿ ಮುಟ್ಟುತ್ತದೆ. ಅವಳು ಅದಕ್ಕೆ ಕರಾರುವಾಕ್ಕಾಗಿ ದನಿ ಕೂಡಿಸಿದರೂ ಅದು ಹಿಂದಿರುಗಿ ಗುರುಗಳನ್ನು ಮುಟ್ಟುವಾಗ ಒಟ್ಟು 300 ಮಿಲಿಸೆಕೆಂಡು ಕಳೆದಿರುತ್ತದೆ. ಸೆಕೆಂಡಿಗೊಂದು ಪೆಟ್ಟಿನ ತಾಳದಲ್ಲಿ ಮೂರನೆಯ ಕಾಲದ ಒಂದೊಂದು ಸ್ವರಕ್ಕೆ ಸಿಗುವುದು 250 ಮಿಲಿಸೆಕೆಂಡು. ಅವಳ 'ಸ' ಕಿವಿಗೆ ಬೀಳುವ ಹೊತ್ತಿಗೆ ಗುರುಗಳು 'ರಿ' ಹಿಡಿದಾಗಿರುತ್ತದೆ. ಅವಳಿಗಾಗಿ ಗುರುಗಳು ಕಾಲವನ್ನು ತುಸು ಇಳಿಸಿದರೆ, ಅದನ್ನು ತಡವಾಗಿ ಕೇಳಿದ ಅವಳೂ ಇಳಿಸುತ್ತಾಳೆ, ಹಾಗೆಯೇ ಇಬ್ಬರೂ ಇಳಿಯುತ್ತ ಹೋಗುತ್ತಾರೆ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಕ್ರಿಸ್ ಚೇಫ್ ಮತ್ತು ಸಂಗಡಿಗರು ಇಬ್ಬರನ್ನು ಬೇರೆ ಬೇರೆ ಕೋಣೆಗಳಲ್ಲಿ ಕೂರಿಸಿ, ತಡವನ್ನು ಹೆಚ್ಚಿಸುತ್ತ ಜೊತೆಯಾಗಿ ಚಪ್ಪಾಳೆ ತಟ್ಟಿಸಿದಾಗಲೂ ಲಯ ಹೀಗೆಯೇ ಕುಸಿಯಿತು. 5ಜಿ ಬಂದ ಮಾತ್ರಕ್ಕೆ ಇದು ನೀಗುವುದಿಲ್ಲ, ಏಕೆಂದರೆ ಚೀಲ ತುಂಬುವ, ಕೂಡಿಡುವ ಕೆಲಸ ಹಾಗೆಯೇ ಉಳಿದಿರುತ್ತದೆ.

ಇನ್ನು ತಂಬೂರಿ. ನನ್ನನ್ನು ಹೆಚ್ಚು ಬೆರಗುಗೊಳಿಸಿದ್ದು ಇದೇ.

ನಮ್ಮೂರಿನ ಮಂಡಕ್ಕಿ ಭಟ್ಟಿಗಳಲ್ಲಿ ಅಕ್ಕಿಯನ್ನು ಕಾದ ಮರಳಿನಲ್ಲಿ ಹುರಿದು ಜರಡಿಗೆ ಸುರಿಯುತ್ತಾರೆ. ಮರಳು ಕೆಳಗಿಳಿಯುತ್ತದೆ, ಮಂಡಕ್ಕಿ ಮೇಲುಳಿಯುತ್ತದೆ. ಆ ಜರಡಿಗೆ ಗೊತ್ತಿರುವುದು ಗಾತ್ರವೊಂದೇ. ಅದರ ಮೇಲೆ ಸಾಸಿವೆ ಸುರಿದರೆ ಅದೂ ಮರಳಿನೊಂದಿಗೇ ಕೆಳಗೆ ಹೋಗುತ್ತದೆ. ಫೋನಿನಲ್ಲಿ ಗದ್ದಲ ತಗ್ಗಿಸುವ ತಂತ್ರಾಂಶವೂ ಒಂದು ಜರಡಿ, ಆದರೆ ಅದು ಅಳೆಯುವುದು ಏರಿಳಿತವನ್ನು. ಮಾತಿನಲ್ಲಿ ಸೆಕೆಂಡಿಗೆ ನಾಲ್ಕೈದು ಅಕ್ಷರಗಳು ಹೊರಡುತ್ತವೆ, ಒಂದಕ್ಕೂ ಇನ್ನೊಂದಕ್ಕೂ ನಡುವೆ ದನಿ ಕುಗ್ಗುತ್ತದೆ. ಫ್ಯಾನಿನ ಸದ್ದು ಕುಗ್ಗುವುದೇ ಇಲ್ಲ. ಆದ್ದರಿಂದ ತಂತ್ರಾಂಶ ದನಿಯನ್ನು ಹತ್ತಾರು ಕಂಪನಪಟ್ಟಿಗಳಾಗಿ ಸೀಳಿ, ಒಂದೊಂದರಲ್ಲೂ ಹಿಂದಿನ ಒಂದೆರಡು ಸೆಕೆಂಡುಗಳಲ್ಲಿ ದನಿ ಅತಿ ಕೆಳಗಿಳಿದ ಮಟ್ಟ ಯಾವುದೆಂದು ನೋಡಿ, ಆ ಮಟ್ಟದಷ್ಟನ್ನು ಗದ್ದಲವೆಂದು ಕಳೆಯುತ್ತದೆ. ಸಾವಿರಾರು ಗಂಟೆಗಳ ಮಾತನ್ನು ಕೇಳಿಸಿ ಪಳಗಿಸಿದ ಹೊಸ ತಂತ್ರಾಂಶಗಳು ದಾರಿ ಬದಲಿಸಿದ್ದರೂ ಅವುಗಳ ಗುರಿಯೂ ಮಾತನ್ನು ಉಳಿಸುವುದೇ. ಈಗ ತಂಬೂರಿಯನ್ನು ನೆನೆಯಿರಿ. ಒಂದು ತಂತಿಯ ನಾದ ಅಡಗುವ ಮುನ್ನ ಮುಂದಿನದನ್ನು ಮೀಟಬೇಕು, ನಾದ ಎಲ್ಲಿಯೂ ಕಡಿಯಬಾರದು ಎನ್ನುವುದೇ ಅದರ ಧರ್ಮ. ಫೋನಿನ ಲೆಕ್ಕದಲ್ಲಿ ಅದು ಫ್ಯಾನು. ದೀರ್ಘವಾಗಿ ಹಿಡಿದ ಷಡ್ಜವೂ, ಅಂದರೆ 'ಸ' ಸ್ವರವೂ, ಎರಡು ಸೆಕೆಂಡು ದಾಟಿದೊಡನೆ ಬಾಡತೊಡಗುವುದು ಇದೇ ಕಾರಣಕ್ಕೆ. ಉಸಿರು ಸಾಲದೆಂದು ಬೈಸಿಕೊಂಡ ಮಕ್ಕಳೆಷ್ಟೋ.

ಜರಡಿಯ ಕೆಳಗೆ ಹೋದದ್ದು ಎಂಥ ವಸ್ತುವೆಂಬುದನ್ನೂ ಹೇಳಬೇಕು. ತಂತಿ ತನ್ನ ಮೂಲ ಸ್ವರದ ಜೊತೆಗೆ ಅದರ ಎರಡು, ಮೂರು, ನಾಲ್ಕು ಪಟ್ಟು ಕಂಪನದ ಉಪಸ್ವರಗಳನ್ನೂ ಹೊರಡಿಸುತ್ತದೆ. ತಂತಿಯನ್ನು ಎಲ್ಲಿ ಮೀಟುತ್ತೇವೆಯೋ ಆ ಬಿಂದು ಯಾವ ಉಪಸ್ವರಕ್ಕೆ ನಿಶ್ಚಲವಾಗಿರಬೇಕೋ ಆ ಉಪಸ್ವರ ಹುಟ್ಟಬಾರದೆಂಬುದು ಯಂಗ್ ಮತ್ತು ಹೆಲ್ಮ್‌ಹೋಲ್ಟ್ಸ್ ಅವರ ಹೆಸರಿನ ನಿಯಮ. ತಂಬೂರಿ ಅದನ್ನು ಪಾಲಿಸುವುದಿಲ್ಲವೆಂದು 1921ರಲ್ಲಿ ಕಲ್ಕತ್ತೆಯಲ್ಲಿದ್ದ ಸಿ. ವಿ. ರಾಮನ್ ತೋರಿಸಿದರು. ಕಾರಣ ಅದರ ಕುದುರೆ, ಅಂದರೆ ತಂತಿಗಳು ಹಾದುಹೋಗುವ ಪುಟ್ಟ ಆಸರೆ. ಅದರ ಮೇಲ್ಮೈ ತುಸು ಬಾಗಿದೆ, ತಂತಿಯ ಅಡಿಗೆ ಒಂದೆಳೆ ದಾರವೂ ಇದೆ. ಕಂಪಿಸುವ ತಂತಿ ಆ ಬಾಗನ್ನು ಕ್ಷಣಕ್ಷಣಕ್ಕೂ ತಾಗಿ ಬಿಡುತ್ತ, ತನ್ನ ಶಕ್ತಿಯನ್ನು ಮೇಲಿನ ಉಪಸ್ವರಗಳಿಗೆ ಹಂಚುತ್ತದೆ. ಒಂದು ಕಾಲಕ್ಕೆ ಗಿರಣಿಗಳಿಂದ ಕರ್ನಾಟಕದ ಮ್ಯಾಂಚೆಸ್ಟರ್ ಎನಿಸಿಕೊಂಡ ನಮ್ಮೂರಿನಲ್ಲಿ ಹುಟ್ಟಿದ ನನಗೆ ಹತ್ತಿಯ ಒಂದೆಳೆಗೆ ಇಷ್ಟು ಸಾಮರ್ಥ್ಯವಿದೆಯೆಂದು ತಿಳಿದಾಗ ಆದ ಸಂತೋಷ ಇಂದಿಗೂ ಮಾಸಿಲ್ಲ. ನಮ್ಮ ಹುಡುಗಿಯ ಶ್ರುತಿ ಐದು ಮನೆ, ಅಂದರೆ ಅವಳ 'ಸ' ಸೆಕೆಂಡಿಗೆ ಸುಮಾರು 196 ಕಂಪನ (ಹರ್ಟ್ಸ್). ಅವಳ ಮಂದ್ರ ಷಡ್ಜ, ಅಂದರೆ ಕೆಳಗಿನ ಸ್ಥಾಯಿಯ 'ಸ', 98. ಫೋನಿನ ಪುಟ್ಟ ಸ್ಪೀಕರು 98ನ್ನು ಸರಿಯಾಗಿ ನುಡಿಸಲಾರದು. ಆದರೂ 196, 294, 392 ಎಂಬ ಉಪಸ್ವರಗಳು ತಲುಪಿದರೆ ಅವುಗಳ ಸಮಾನ ಅಂತರದಿಂದ ಕಿವಿ ಮತ್ತು ಮಿದುಳು 98ನ್ನು ತಾವೇ ಕಟ್ಟಿಕೊಳ್ಳುತ್ತವೆ. ಜರಡಿ ಕಳೆದುಬಿಡುವುದು ಆ ಉಪಸ್ವರಗಳನ್ನೇ.

ಗುರುಗಳಿಗೆ ಇದನ್ನೆಲ್ಲ ವಿವರಿಸಿ ಪತ್ರ ಬರೆದೆ. ಅವರು ದೊಡ್ಡ ಮನಸ್ಸಿನಿಂದ ಒಪ್ಪಿಕೊಂಡರು. ಈಗ ಪಾಠ ಜೂಮ್‌ನಲ್ಲಿ ನಡೆಯುತ್ತದೆ. ಅದರಲ್ಲಿ ಸಂಗೀತಗಾರರಿಗೆಂದೇ ಇರುವ 'ಒರಿಜಿನಲ್ ಸೌಂಡ್' ಆಯ್ಕೆ ಜರಡಿಯನ್ನು ಬದಿಗಿಡುತ್ತದೆ. ಬ್ಲೂಟೂತ್ ಇಯರ್‌ಫೋನು ತಾನೇ 100 ಮಿಲಿಸೆಕೆಂಡಿಗೂ ಹೆಚ್ಚು ತಡ ಸೇರಿಸಬಲ್ಲದಾದ್ದರಿಂದ ಅದರ ಬದಲು ವೈರಿನದು ಬಂದಿದೆ. ಎರಡೂ ಮನೆಗಳಲ್ಲಿ ಒಂದೇ ಶ್ರುತಿಯ ತಂಬೂರಿ ಬೇರೆ ಬೇರೆಯಾಗಿ ನುಡಿಯುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಜೊತೆಗೂಡಿ ಹಾಡುವುದನ್ನು ಕೈಬಿಟ್ಟಿದ್ದಾರೆ. ಗುರುಗಳು ಒಂದು ಆವರ್ತ ಹೇಳುತ್ತಾರೆ, ನಿಲ್ಲಿಸುತ್ತಾರೆ, ಅವಳು ಹೇಳುತ್ತಾಳೆ. ಸರದಿಯ ಮೇಲೆ ಹಾಡುವಾಗ ತಡ ಎಷ್ಟಿದ್ದರೂ ನಡುವಿನ ಮೌನ ತುಸು ಉದ್ದವಾಗುತ್ತದೆಯೇ ಹೊರತು ಲಯಕ್ಕೆ ಧಕ್ಕೆಯಿಲ್ಲ. ಹೇಳಿಕೊಡುವ, ಹೇಳಿಸಿಕೊಳ್ಳುವ ಈ ಹಳೆಯ ಕ್ರಮಕ್ಕೆ ಫೋನು ಯಾವ ಅಡ್ಡಿಯನ್ನೂ ಮಾಡಲಾರದು.

ತಾಳವನ್ನು ಪರೀಕ್ಷಿಸಲು ಅವಳು ತಂಬೂರಿಯೊಂದಿಗೆ ಹಾಡಿ, ಧ್ವನಿಮುದ್ರಿಸಿ ಕಳಿಸುತ್ತಾಳೆ. ಮೊದಲ ಮುದ್ರಿಕೆಯನ್ನು ಕೇಳಿದ ರಾತ್ರಿಯೇ ಗುರುಗಳು ಕರೆ ಮಾಡಿ, ತಾಳ ಸರಿಯಾಗಿದೆ, ಮುಂದಿನ ವಾರ ಮುಂದಿನ ಪಾಠವಾದ ಜಂಟಿ ವರಸೆ ಆರಂಭಿಸೋಣ ಎಂದರು.