ಪದ ಪರಿಚಯ: ಫೆಡರಲ್ ಬ್ಯಾಕ್‌ಗ್ರೌಂಡ್ ಚೆಕ್

‘ಅಮೆರಿಕದಲ್ಲಿ ಪಿಸ್ತೂಲು ಕೊಳ್ಳುವ ಎಲ್ಲರಿಗೂ ಕೇಂದ್ರ ಕಾನೂನಿನಂತೆ ಪೊಲೀಸ್ ವೆರಿಫಿಕೇಶನ್ ಕಡ್ಡಾಯ.’ ಫೆಡರಲ್ ಬ್ಯಾಕ್‌ಗ್ರೌಂಡ್ ಚೆಕ್, ಅಂದರೆ ಬಂದೂಕು ಕೊಳ್ಳುವವರ ಹಿನ್ನೆಲೆ ತಪಾಸಣೆ, ಅದನ್ನು ಹೇಳಲು ಹೊರಟ ಈ ಸಾಲು ಮೊನ್ನೆ ಮತ್ತೆ ಕಣ್ಣಿಗೆ ಬಿತ್ತು. ಒಂದೇ ಸಾಲಿನಲ್ಲಿ ಮೂರು ಎಡವಟ್ಟು.

ಮೊದಲು ‘ಕೇಂದ್ರ’. ಇದು ಗ್ರೀಕಿನ ‘ಕೆಂಟ್ರಾನ್’ ಸಂಸ್ಕೃತದ ಮೂಲಕ ನಮಗೆ ಬಂದದ್ದು. ಮೂಲದಲ್ಲಿ ಚೂಪು ಮೊನೆ, ಆಮೇಲೆ ಕೈವಾರದ ಮುಳ್ಳು ಊರುವ ಜಾಗ. ನಡುವೆ ಒಂದು ಚುಕ್ಕಿ, ಉಳಿದದ್ದೆಲ್ಲ ಅದರ ಸುತ್ತ. ‘ಫೆಡರಲ್’ ಬಂದದ್ದು ಲ್ಯಾಟಿನ್ನಿನ ‘ಫೋಯಿಡಸ್’ನಿಂದ. ಹಾಗಂದರೆ ಕರಾರು. ಕರಾರು ಮಾಡಿಕೊಂಡವರಲ್ಲಿ ಒಬ್ಬರು ಇನ್ನೊಬ್ಬರ ಆಳಲ್ಲ ಅಲ್ವಾ? ‘ಒಕ್ಕೂಟ’ ಎಂಬ ಒಳ್ಳೆಯ ಪದ ಇರುವಾಗ ಸುಮ್ನೆ ‘ಕೇಂದ್ರ’ ಏಕೆ?

ನಮ್ಮ ಶಸ್ತ್ರಾಸ್ತ್ರ ಕಾಯ್ದೆ ಸಂಸತ್ತು ಮಾಡಿದ್ದು, 1959ರದು. ಲೈಸೆನ್ಸಿಗೆ ಸಾಮಾನ್ಯವಾಗಿ ಓಡಾಡುವುದು ಡಿಸಿ ಕಚೇರಿಗೋ ಪೊಲೀಸ್ ಕಮಿಷನರ್ ಕಚೇರಿಗೋ. ಕಾನೂನು ದೆಹಲಿಯದು, ಚಾಕರಿ ಜಿಲ್ಲೆಯದು. ಅಮೆರಿಕವೂ ಒಮ್ಮೆ ಹೀಗೇ ಮಾಡಲು ಹೋಗಿತ್ತು. ಕಂಪ್ಯೂಟರ್ ವ್ಯವಸ್ಥೆ ಸಿದ್ಧವಾಗುವವರೆಗೆ ಹ್ಯಾಂಡ್‌ಗನ್ (ಪಿಸ್ತೂಲು, ರಿವಾಲ್ವರ್) ಕೊಳ್ಳುವವರ ತಪಾಸಣೆಯನ್ನು 1993ರ ಬ್ರೇಡಿ ಕಾಯ್ದೆ ಸ್ಥಳೀಯ ಪೊಲೀಸ್ ಮುಖ್ಯಸ್ಥರ ತಲೆಗೆ ಕಟ್ಟಿತು. ಅಂಥ ಒಬ್ಬ ಮುಖ್ಯಸ್ಥ, ಮೊಂಟಾನಾ ರಾಜ್ಯದ ಶೆರಿಫ್ ಜೇ ಪ್ರಿಂಟ್ಜ್, ಕೋರ್ಟಿಗೆ ಹೋದರು, ಗೆದ್ದರು. ರಾಜ್ಯದ ಅಧಿಕಾರಿಗಳಿಗೆ ಫೆಡರಲ್ ಸರ್ಕಾರ ಹೀಗೆ ಕೆಲಸ ಹಚ್ಚುವಂತಿಲ್ಲ ಎಂದು 1997ರಲ್ಲಿ ಸುಪ್ರೀಂ ಕೋರ್ಟ್ 5–4ರ ತೀರ್ಪು ಕೊಟ್ಟಿತು. ಇದೊಂದು ಗೊತ್ತಿದ್ದರೆ ಮುಂದಿನ ಗೋಜಲೆಲ್ಲ ಅರ್ಧ ಬಿಡಿಸಿದ ಹಾಗೆ.

1998ರ ನವೆಂಬರ್‌ನಿಂದ ಎಫ್‌ಬಿಐ ನಡೆಸುವ ‘ನಿಕ್ಸ್’ ಎಂಬ ಕಂಪ್ಯೂಟರ್ ವ್ಯವಸ್ಥೆ ಬಂತು. ಕೊಳ್ಳುವವರು 4473 ನಂಬರಿನ ಫಾರಂ ತುಂಬುತ್ತಾರೆ, ಅಂಗಡಿಯವರು ನಿಕ್ಸ್‌ಗೆ ಕೇಳುತ್ತಾರೆ, ಉತ್ತರ ಬಹಳ ಸಲ ನಿಮಿಷಗಳಲ್ಲೇ ಬರುತ್ತದೆ. ಇದೇ ಎರಡನೇ ಎಡವಟ್ಟು, ‘ಪೊಲೀಸ್ ವೆರಿಫಿಕೇಶನ್’: ಪಾಸ್‌ಪೋರ್ಟಿಗೆ ಬಂದ ಹಾಗೆ ಪೇದೆ ಮನೆ ಬಾಗಿಲಿಗೆ ಬರುವುದಿಲ್ಲ. ಮೂರು ಕೆಲಸದ ದಿನಗಳಲ್ಲಿ ಉತ್ತರವೇ ಬರದಿದ್ದರೆ ಸಾಮಾನ್ಯವಾಗಿ ಮಾರಬಹುದು ಎನ್ನುತ್ತದೆ ಫೆಡರಲ್ ಕಾನೂನು. 21 ತುಂಬದವರ ವಿಷಯದಲ್ಲಿ ಮಾತ್ರ, 2022ರ ತಿದ್ದುಪಡಿಯಂತೆ, ಇದು 10 ಕೆಲಸದ ದಿನಗಳವರೆಗೆ ಹೋಗಬಹುದು.

ಇನ್ನು ‘ಎಲ್ಲರಿಗೂ’. ಈ ತಪಾಸಣೆ ಲೈಸೆನ್ಸ್ ಇರುವ ಅಂಗಡಿಯವರಿಗೆ ಮಾತ್ರ ಕಡ್ಡಾಯ. ಒಂದೇ ರಾಜ್ಯದ ಇಬ್ಬರು ಖಾಸಗಿಯಾಗಿ ಪಿಸ್ತೂಲು ಮಾರಿಕೊಂಡರೆ ಫೆಡರಲ್ ಕಾನೂನು ತಪಾಸಣೆ ಕೇಳುವುದಿಲ್ಲ. ರಾಜ್ಯ ಕೇಳಬಹುದು. ಪೆನ್ಸಿಲ್ವೇನಿಯಾದಲ್ಲಿ ಖಾಸಗಿ ಹ್ಯಾಂಡ್‌ಗನ್ ವ್ಯವಹಾರವೂ ಡೀಲರ್ ಅಥವಾ ಶೆರಿಫ್ ಮೂಲಕವೇ ಆಗಬೇಕು. ಗಂಡ-ಹೆಂಡತಿ, ತಂದೆ-ಮಕ್ಕಳ ನಡುವೆ ವಿನಾಯಿತಿ. ಮಾಮೂಲಿ ರೈಫಲಿಗೆ ಈ ಕಟ್ಟಳೆಯೇ ಇಲ್ಲ! ಅಲ್ಲಿ ಅಂಗಡಿಯವರು ಫೋನ್ ಮಾಡುವುದೂ ಎಫ್‌ಬಿಐಗಲ್ಲ, ರಾಜ್ಯದ ಪೊಲೀಸರಿಗೆ. ಆ ರಾಜ್ಯ ತಾನೇ ಒಪ್ಪಿ ಹೊತ್ತುಕೊಂಡ ಕೆಲಸ ಅದು.

ರಾಜ್ಯ ತನ್ನ ಕಟ್ಟಳೆ ಸೇರಿಸಬಹುದು, ಫೆಡರಲ್ ಕಟ್ಟಳೆಯನ್ನು ಅಳಿಸುವಂತಿಲ್ಲ. ‘ಟೆಕ್ಸಾಸಿನಲ್ಲಿ ಕೊಳ್ಳೋಕೆ ಪರ್ಮಿಟ್ಟೇ ಬೇಡ’ ಎಂದು ಅಲ್ಲಿರುವ ನಮ್ಮವರೇ ಹೇಳುವುದನ್ನು ಕೇಳಿದ್ದೇನೆ. ನಿಜ. ಆದರೆ ಹೇಳುವವರ ಕೈಯಲ್ಲಿ ಇರುವುದು ಎಚ್‌1ಬಿ, ಅಂದರೆ ತಾತ್ಕಾಲಿಕ ಕೆಲಸದ ವೀಸಾ ಆದರೆ, ಬೇಟೆಯ ಲೈಸೆನ್ಸಿನಂಥ ಕೆಲವೇ ವಿನಾಯಿತಿ ಬಿಟ್ಟು, ಫೆಡರಲ್ ಕಾನೂನು ಅವರಿಗೆ ಬಂದೂಕನ್ನೇ ಕೊಡುವುದಿಲ್ಲ.