ಸತ್ತವರು ನಿಮಗೇನಾಗಬೇಕು?

ತಾಲೂಕು ಆಸ್ಪತ್ರೆಯಲ್ಲಿ ಚೀಟಿ ಬರೆಯುತ್ತಿದ್ದವರು ತಲೆಯೆತ್ತದೆ ಕೇಳಿದರು: "ಪೇಷಂಟ್ ನಿಮಗೇನಾಗಬೇಕು?"

ಏನೂ ಆಗಬೇಕಿಲ್ಲ ಎಂದೆ. ಕಬ್ಬಿನ ಟ್ರ್ಯಾಕ್ಟರಿಗೆ ಹಿಂದಿನಿಂದ ಗುದ್ದಿದ ಬೈಕು ನನ್ನ ಕಣ್ಣೆದುರೇ ಮಗುಚಿತ್ತು. ನಾಲ್ಕೈದು ಜನ ಸೇರಿ ಹುಡುಗನನ್ನು ಆಟೋಗೆ ಹತ್ತಿಸಿದ್ದೆವು, ದಾರಿಯಲ್ಲೇ ಉಸಿರು ನಿಂತಿತು. ಅವನ ಹೆಸರು ಕೂಡ ನನಗೆ ಗೊತ್ತಿರಲಿಲ್ಲ. ಆದರೆ ರಸ್ತೆಯ ಮೇಲೆ ಬಿದ್ದಿದ್ದ ಬೈಕಿನ ಇಂಡಿಕೇಟರ್ ಟಿಕ್ ಟಿಕ್ ಎನ್ನುತ್ತಲೇ ಇದ್ದದ್ದು ತಿಂಗಳುಗಟ್ಟಲೆ ಕಿವಿಯಲ್ಲಿ ಉಳಿಯಿತು. ನನ್ನ ಸ್ಕೂಟರಿನ ಇಂಡಿಕೇಟರ್ ಹಾಕಿದರೆ ಕೈ ಬೆವರುತ್ತಿತ್ತು. ಅನ್ನ ಕಲಸುವಾಗ ಆ ಮುಖ ಕಣ್ಣಮುಂದೆ ಬಂದು ನಿಲ್ಲುತ್ತಿತ್ತು. "ನಿನ್ನವರಲ್ಲ, ತನ್ನವರಲ್ಲ, ಯಾಕಿಷ್ಟು ಹಚ್ಚಿಕೊಂಡೆ?" ಎಂದು ಪಕ್ಕದ ಮನೆಯವರು ಕೇಳಿದರು. ಕೆಟ್ಟ ಮನಸ್ಸಿನಿಂದ ಕೇಳಿದ್ದಲ್ಲ.

ಸತ್ತವರ ಮನೆಯವರಿಗೆ ಸೂತಕವಿದೆ, ಹನ್ನೊಂದನೇ ದಿನವಿದೆ, ತಿಥಿಯಿದೆ. ಅತ್ತರೆ ಹಿಡಿದುಕೊಳ್ಳಲು ನೆಂಟರಿದ್ದಾರೆ. ಸಾವನ್ನು ಅಚಾನಕ್ಕಾಗಿ ಕಂಡ ಮೂರನೆಯವರಿಗೆ ಇದ್ಯಾವುದೂ ಇಲ್ಲ. ನೋಡಿದವರ ಮನಸ್ಸಿಗೂ ಏಟು ಬೀಳುತ್ತದೆ ಎಂಬುದನ್ನು ವೈದ್ಯರು, ನ್ಯಾಯಾಲಯಗಳು, ಸರ್ಕಾರಗಳು ಒಪ್ಪಿಕೊಳ್ಳಲು ನೂರಿಪ್ಪತ್ತು ವರ್ಷ ಬೇಕಾಯಿತು. ಅಷ್ಟೂ ವರ್ಷ ಅಡ್ಡ ನಿಂತದ್ದು ಹೆಚ್ಚುಕಡಿಮೆ ಆಸ್ಪತ್ರೆಯಲ್ಲಿ ನನಗೆ ಕೇಳಿದ ಅದೇ ಪ್ರಶ್ನೆ.

ಶುರುವಾದದ್ದು ರೈಲಿನಿಂದ. 1865ರ ಜೂನ್ 9ರಂದು ಇಂಗ್ಲೆಂಡಿನ ಸ್ಟೇಪಲ್‌ಹರ್ಸ್ಟ್ ಬಳಿ ರೈಲು ಹಳಿತಪ್ಪಿ ಹತ್ತು ಜನ ಸತ್ತರು. ಅದರಲ್ಲಿದ್ದ ಕಾದಂಬರಿಕಾರ ಚಾರ್ಲ್ಸ್ ಡಿಕನ್ಸ್‌ಗೆ ಮೈಮೇಲೆ ಗಾಯವಿರಲಿಲ್ಲ. ಕೆಳಗಿಳಿದು ತನ್ನ ಟೋಪಿಯಲ್ಲೇ ನೀರು ತುಂಬಿಕೊಂಡು ಬಂದು ಗಾಯಾಳುಗಳಿಗೆ ಕುಡಿಸಿದ. ಅವರಲ್ಲಿ ಕೆಲವರು ಅವನೆದುರೇ ಪ್ರಾಣಬಿಟ್ಟರು. ಆಮೇಲೆ ರೈಲು ಹತ್ತಿದರೆ ನಡುಕ. ಮೂರು ವರ್ಷ ಕಳೆದ ಮೇಲೂ, ಕುದುರೆಗಾಡಿಯಲ್ಲಿ ಕೂತಾಗಲೂ ಕಾರಣವಿಲ್ಲದೆ ಭಯ ನುಗ್ಗಿಬರುತ್ತದೆ ಎಂದು ಬರೆದುಕೊಂಡ. ಅಪಘಾತವಾಗಿ ಸರಿಯಾಗಿ ಐದು ವರ್ಷಕ್ಕೆ, ಅದೇ ಜೂನ್ 9ರಂದು ತೀರಿಕೊಂಡ.

ಇಂಥ ಪ್ರಯಾಣಿಕರು ಹೆಚ್ಚಿದಾಗ ಎರಿಕ್ಸನ್ ಎಂಬ ಶಸ್ತ್ರವೈದ್ಯ 1866ರಲ್ಲಿ, ರೈಲಿನ ಕುಲುಕಾಟಕ್ಕೆ ಬೆನ್ನುಹುರಿ ಪೆಟ್ಟಾಗಿದೆ ಎಂದ. ಕಾಯಿಲೆಗೆ 'ರೈಲ್ವೆ ಸ್ಪೈನ್' ಎಂಬ ಹೆಸರೂ ಬಿತ್ತು. 1883ರಲ್ಲಿ ಹರ್ಬರ್ಟ್ ಪೇಜ್ ಇದನ್ನು ಅಲ್ಲಗಳೆದು, ಇದಕ್ಕೆ ಮೂಲ ಹೆದರಿಕೆ ಎಂದ. ಮಾತು ನಿಜಕ್ಕೆ ಹತ್ತಿರವಿತ್ತು. ಆದರೆ ಪೇಜ್ ರೈಲ್ವೆ ಕಂಪನಿಯ ವೈದ್ಯ. ಬೆನ್ನುಮೂಳೆ ಮುರಿದರೆ ಕಂಪನಿ ದುಡ್ಡು ಕೊಡಬೇಕು, ಮನಸ್ಸು ಮುರಿದರೆ ಬೇಡ. ಮನಸ್ಸಿನ ಗಾಯವನ್ನು ಮೊದಲು ಗುರುತಿಸಿದವರಲ್ಲಿ ಒಬ್ಬನು ಪರಿಹಾರ ತಪ್ಪಿಸುವವರ ಕಡೆಯವನಾಗಿದ್ದ ಎಂಬುದು ನನ್ನನ್ನು ಇವತ್ತಿಗೂ ಕಾಡುತ್ತದೆ.

ಮೊದಲ ಮಹಾಯುದ್ಧದಲ್ಲಿ, ರಣರಂಗದಲ್ಲಿ ಮನಸ್ಸು ಕದಡಿದವರ ಈ ಪಾಡಿಗೆ 'ಶೆಲ್ ಶಾಕ್' ಎಂದರು. ಅದು ಸೈನಿಕರ ಕಥೆ. ದಾರಿಹೋಕರ ಪಾಡು ಏನಾಗಿತ್ತೆಂದು ತಿಳಿಯಲು 1938ರ ಅಕ್ಟೋಬರಿನ, ಸ್ಕಾಟ್ಲೆಂಡಿನ ಎಡಿನ್‌ಬರಾಗೆ ಹೋಗಬೇಕು. ಎಂಟು ತಿಂಗಳ ಬಸುರಿಯೊಬ್ಬಳು ಟ್ರಾಮ್ ಇಳಿದು ಮೀನಿನ ಬುಟ್ಟಿಯನ್ನು ಬೆನ್ನಿಗೇರಿಸುತ್ತಿದ್ದಳು. ಟ್ರಾಮಿನ ಆಚೆ ಬದಿಯಲ್ಲಿ ಮೋಟರ್‌ಸೈಕಲ್ ಸವಾರನೊಬ್ಬ ಕಾರಿಗೆ ಗುದ್ದಿ ಸತ್ತ. ಅವಳು ಕೇಳಿದ್ದು ಸದ್ದು ಮಾತ್ರ. ಹೆಣ ತೆಗೆದ ಮೇಲೆ ರಸ್ತೆಯ ಮೇಲಿದ್ದ ರಕ್ತ ನೋಡಿದಳು. ಮುಂದೆ ಹುಟ್ಟಿದ ಮಗುವಿಗೆ ಜೀವವಿರಲಿಲ್ಲ. ಪರಿಹಾರದ ದಾವೆ ಆಗ ಬ್ರಿಟನ್ನಿನ ಅತ್ಯುನ್ನತ ನ್ಯಾಯಾಲಯವಾಗಿದ್ದ ಹೌಸ್ ಆಫ್ ಲಾರ್ಡ್ಸ್‌ವರೆಗೂ ಹೋಯಿತು. ಅಷ್ಟು ದೂರದಲ್ಲಿದ್ದ ಹೆಂಗಸಿಗೆ ಹೀಗಾದೀತೆಂದು ಸವಾರ ಊಹಿಸಲು ಸಾಧ್ಯವಿರಲಿಲ್ಲ ಎಂದು 1942ರಲ್ಲಿ ಅವಳ ದಾವೆಯನ್ನು ತಳ್ಳಿಹಾಕಿದರು.

ಅರ್ಧ ಶತಮಾನವಾದರೂ ನ್ಯಾಯಪೀಠ ಬಹಳವೇನೂ ಸಡಿಲಗೊಳ್ಳಲಿಲ್ಲ. 1989ರಲ್ಲಿ ಇಂಗ್ಲೆಂಡಿನ ಹಿಲ್ಸ್‌ಬರೋ ಫುಟ್‌ಬಾಲ್ ಮೈದಾನದ ನೂಕುನುಗ್ಗಲಿನಲ್ಲಿ ಜನ ಸತ್ತರು. ವರ್ಷಗಳ ನಂತರ ಸತ್ತವರನ್ನೂ ಸೇರಿಸಿ ಈಗಿನ ಲೆಕ್ಕ 97. ಪರಿಹಾರ ಬೇಕೆಂದರೆ ಕಣ್ಣಾರೆ ಕಂಡಿರಬೇಕು, ಜೊತೆಗೆ ಸತ್ತವರ ಮೇಲೆ ಗಾಢವಾದ ಪ್ರೀತಿಯಿತ್ತೆಂದು ತೋರಿಸಬೇಕು ಎಂದು 1991ರಲ್ಲಿ ತೀರ್ಪಾಯಿತು. ಇಬ್ಬರು ಸಹೋದರರನ್ನು ಕಳೆದುಕೊಂಡು, ತಾನೂ ಆ ಮೈದಾನದಲ್ಲೇ ಇದ್ದ ಒಬ್ಬ ಸೋತದ್ದು, ಅವರ ನಡುವಿನ ಪ್ರೀತಿಗೆ ಸಾಕ್ಷ್ಯವಿಲ್ಲ ಎಂಬ ಕಾರಣಕ್ಕೆ. ಅವರು ನಿನಗೇನಾಗಬೇಕು ಎಂಬುದು ಕಾನೂನಿನ ಮಾತೇ ಆಗಿಹೋಗಿತ್ತು.

ವೈದ್ಯಕೀಯ ಸ್ವಲ್ಪ ಮುಂದಿತ್ತು. ವಿಯೆಟ್ನಾಂ ಯುದ್ಧದಿಂದ ಮರಳಿದವರ ಹೋರಾಟದ ಫಲವಾಗಿ 1980ರಲ್ಲಿ ಅಮೆರಿಕದ ಮನೋವೈದ್ಯರ ಕೈಪಿಡಿಗೆ ಪಿಟಿಎಸ್‌ಡಿ, ಅಂದರೆ ಆಘಾತದ ನಂತರ ಉಳಿದುಬಿಡುವ ಮನಸ್ಸಿನ ಕಾಯಿಲೆ, ಸೇರಿತು. 1987ರ ಪರಿಷ್ಕರಣೆಯಲ್ಲಿ, ಅಪಘಾತದಲ್ಲೋ ಹಿಂಸೆಯಲ್ಲೋ ಇನ್ನೊಬ್ಬರು ಸಾಯುವುದನ್ನು ನೋಡುವುದೂ ಕಾರಣವಾಗಬಹುದೆಂದು ಸ್ಪಷ್ಟವಾಗಿ ಬರೆದರು. ಸತ್ತವರು ಯಾರು ಎಂಬ ಷರತ್ತು ಅಲ್ಲಿರಲಿಲ್ಲ.

ಅದೇ 1987ರಲ್ಲಿ ಬೆಂಗಳೂರಿನ ನಿಮ್ಹಾನ್ಸ್‌ನ ಪತ್ರಿಕೆಯಲ್ಲಿ ಒಂದು ಅಧ್ಯಯನ ಪ್ರಕಟವಾಯಿತು. 1981ರ ಫೆಬ್ರವರಿ 7ರಂದು ನಗರದಲ್ಲಿ ವೀನಸ್ ಸರ್ಕಸ್ಸಿನ ಡೇರೆಗೆ ಬೆಂಕಿ ಬಿದ್ದು 92 ಜನ ಸತ್ತಿದ್ದರು, ಹೆಚ್ಚಿನವರು ಮಕ್ಕಳು. ಅವರ ಮನೆಯವರ ದುಃಖವನ್ನು ಕುರಿತ ಆ ಅಧ್ಯಯನ ದುರಂತದ ನಂತರದ ಮನಸ್ಸಿನ ಬಗ್ಗೆ ನಮ್ಮ ದೇಶದಲ್ಲಿ ನಡೆದ ಮೊದಮೊದಲ ಕೆಲಸಗಳಲ್ಲೊಂದು. ಅದನ್ನು ಓದಿದವರಿಗೆ ಇನ್ನೊಂದು ಯೋಚನೆಯೂ ಬರದಿರದು. ಅಂದು ಆ ಡೇರೆಯಿಂದ ಓಡಿಬಂದು ಬದುಕಿದ ಮಕ್ಕಳೂ ಇದ್ದರಲ್ಲ, ಈಗ ಅವರಿಗೆ ಐವತ್ತು ದಾಟಿರುತ್ತದೆ.

ಗಾಯ ಒಪ್ಪಿಕೊಂಡ ಮೇಲೆ ಔಷಧ ಹುಡುಕುವಾಗ ಒಂದು ಎಡವಟ್ಟಾಯಿತು. 1983ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಜೆಫ್ರಿ ಮಿಚೆಲ್, ಅಗ್ನಿಶಾಮಕ ಮತ್ತು ಆಂಬುಲೆನ್ಸ್ ಸಿಬ್ಬಂದಿಗಾಗಿ ಒಂದು ಪದ್ಧತಿ ಹೇಳಿಕೊಟ್ಟರು: ಘಟನೆಯಾದ ಕೆಲವೇ ದಿನಗಳಲ್ಲಿ ಎಲ್ಲರನ್ನೂ ಕೂರಿಸಿ ಕಂಡದ್ದನ್ನು ಹೇಳಿಸುವುದು. ಹೇಳಿಕೊಂಡರೆ ಹಗುರಾಗುತ್ತದೆ ಎಂಬುದು ನಮ್ಮೆಲ್ಲರ ನಂಬಿಕೆಯೂ ಹೌದು, ಹಾಗಾಗಿ ಪದ್ಧತಿ ದೇಶದೇಶಕ್ಕೆ ಹರಡಿತು. ಆದರೆ ರಸ್ತೆ ಅಪಘಾತದ ಗಾಯಾಳುಗಳನ್ನು ಆಕ್ಸ್‌ಫರ್ಡಿನ ಸಂಶೋಧಕರು ಮೂರು ವರ್ಷ ಹಿಂಬಾಲಿಸಿ 2000ರಲ್ಲಿ ಬರೆದದ್ದು ಬೇರೆ. ಶುರುವಿನಲ್ಲಿ ತುಂಬ ಕಂಗೆಟ್ಟಿದ್ದವರಲ್ಲಿ, ಹೀಗೆ ಹೇಳಿಸಿಕೊಂಡವರ ಸ್ಥಿತಿ ಹೇಳಿಸಿಕೊಳ್ಳದವರಿಗಿಂತ ಕೆಟ್ಟದಾಗಿ ಉಳಿದಿತ್ತು. ಹಸಿ ಗಾಯವನ್ನು ಕೆದಕಿದ ಹಾಗೆ. ಹಲವು ಅಧ್ಯಯನಗಳನ್ನು ಒಟ್ಟಿಗೆ ತೂಗಿನೋಡುವ ಕಾಕ್ರೇನ್ ಸಂಸ್ಥೆಯ 2002ರ ಪರಿಶೀಲನೆಯೂ ಒಂದೇ ಸಲ ಕೂರಿಸಿ ಹೇಳಿಸುವ ಈ ಕ್ರಮವನ್ನು ಕಡ್ಡಾಯ ಮಾಡಬಾರದೆಂದಿತು.

ವಿಶ್ವ ಆರೋಗ್ಯ ಸಂಸ್ಥೆ 2011ರಲ್ಲಿ ಹೊರತಂದ 'ಮಾನಸಿಕ ಪ್ರಥಮ ಚಿಕಿತ್ಸೆ'ಯ ಕೈಪಿಡಿ ಬಹಳ ಸರಳ. ನೋಡಿ, ಕೇಳಿಸಿಕೊಳ್ಳಿ, ಬೇಕಾದವರ ಜೊತೆ ಸೇರಿಸಿ. ಕೂರಲು ಜಾಗ, ಕುಡಿಯಲು ನೀರು, ಜೊತೆಗೊಬ್ಬರು. ಮಾತಾಡಲೇಬೇಕೆಂದು ಒತ್ತಾಯಿಸಬೇಡಿ, ತಾನಾಗಿ ಮಾತಾಡಿದರೆ ತಡೆಯಬೇಡಿ.

ಓದುವಾಗ ಅಜ್ಜಿ ನೆನಪಾದರು. ಆ ದಿನ ನಾನು ಮನೆಗೆ ಬಂದಾಗ ಏನಾಯಿತು ಎಂದು ಅವರು ಕೇಳಲಿಲ್ಲ. ಬಚ್ಚಲಲ್ಲಿ ಬಿಸಿನೀರು ಹುಯ್ದರು, ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದರು, ರಾತ್ರಿ ನನ್ನ ಪಕ್ಕದಲ್ಲೇ ಚಾಪೆ ಹಾಸಿಕೊಂಡರು. "ಬೆಚ್ಚಿದೆ ಮಗ, ಅಷ್ಟೇ" ಎಂದರು. ಊರ ಹೆಂಗಸರಿಗೆ ನೋಡಿದವರ ಗಾಯ ಮೊದಲಿಂದಲೂ ಗೊತ್ತಿತ್ತು. ಹಾಗೆಂದು ತಾಯಿತ ಕಟ್ಟಿಸಿ ವರ್ಷಗಟ್ಟಲೆ ಕಾಯುವುದನ್ನು ನಾನು ಒಪ್ಪುವುದಿಲ್ಲ. ನಿದ್ದೆಗೇಡು, ಬೆಚ್ಚುವಿಕೆ, ಕಣ್ಣಿಗೆ ಕಟ್ಟುವ ಚಿತ್ರ, "ಇನ್ನೆರಡು ನಿಮಿಷ ಮುಂಚೆ ಹೋಗಿದ್ದರೆ" ಎಂಬ ತಪ್ಪಿತಸ್ಥ ಭಾವ ಮೊದಲ ವಾರಗಳಲ್ಲಿ ಸಹಜ, ಹೆಚ್ಚಿನವರಿಗೆ ತಾನಾಗಿ ಇಳಿಯುತ್ತವೆ. ತಿಂಗಳಾದರೂ ಇಳಿಯದಿದ್ದರೆ, ಆ ದಾರಿಯನ್ನೇ ಬಿಟ್ಟುಬಿಟ್ಟರೆ, ಕುಡಿತಕ್ಕೆ ಬಿದ್ದರೆ ವೈದ್ಯರನ್ನು ನೋಡಲೇಬೇಕು. ನೆನಪನ್ನು ನಿಧಾನವಾಗಿ, ಕೈಹಿಡಿದು ಎದುರಿಸುವುದನ್ನು ಕಲಿಸುವ ಟ್ರಾಮಾ ಸಿಬಿಟಿ, ಇಎಂಡಿಆರ್ ಎಂಬ ಚಿಕಿತ್ಸೆಗಳಿವೆ, ಅವು ಕೆಲಸ ಮಾಡುತ್ತವೆ. 2022ರ ಅಕ್ಟೋಬರಿನಿಂದ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಇದೆ. 14416ಕ್ಕೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು.

2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491. ಒಂದೊಂದು ಸಾವಿನ ಸುತ್ತ ನಿಂತು ನೋಡಿದವರ ಲೆಕ್ಕ ಯಾವ ದಾಖಲೆಯಲ್ಲೂ ಬರುವುದಿಲ್ಲ. ಗಾಯಾಳುವನ್ನು ಆಸ್ಪತ್ರೆಗೆ ತಂದವರಿಗೆ 2019ರ ಮೋಟಾರು ವಾಹನ ತಿದ್ದುಪಡಿಯ 134ಎ ಕಲಮು ರಕ್ಷಣೆ ಕೊಡುತ್ತದೆ. ಹೆಸರು ಹೇಳೆಂದು ಕೂಡ ಬಲವಂತ ಮಾಡುವಂತಿಲ್ಲ. ಒಳ್ಳೆಯ ಕಾನೂನು. ಆದರೆ ಅಂಗಿಯ ತೋಳಿಗೆ ಹತ್ತಿದ ರಕ್ತ ತೊಳೆದುಕೊಂಡು ಬಸ್ಸು ಹತ್ತುವ ಅವರ ಕೈಗೆ 14416 ಎಂದು ಬರೆದ ಒಂದು ಚೀಟಿಯನ್ನು ಅದೇ ಕೌಂಟರಿನಲ್ಲಿ ಕೊಡಬಹುದಲ್ಲ?

ನನಗೆ ಇಂಡಿಕೇಟರಿನ ಸದ್ದು ಬರೀ ಇಂಡಿಕೇಟರಿನ ಸದ್ದಾಗಲು ಒಂದೂವರೆ ವರ್ಷ ಹಿಡಿಯಿತು. ಈಗ ಆ ತಿರುವಿನಲ್ಲಿ ಅದನ್ನು ಹಾಕಿಯೇ ಎಡಕ್ಕೆ ಹೊರಳುತ್ತೇನೆ.