ಅಯೋವಾದ ಗವರ್ನರ್, ಸೋಯಾ ಮತ್ತು ಎಥನಾಲ್: ಲಾಬಿ ಎಲ್ಲಿ ಶುರುವಾಗುತ್ತದೆ?

ಅಮೆರಿಕದ ಗವರ್ನರ್ ಎಂದಾಗ ನಮ್ಮ ರಾಜಭವನವನ್ನು ನೆನೆಯಬೇಡಿ. ಆತ ಜನರಿಂದ ನೇರವಾಗಿ ಆಯ್ಕೆಯಾದ ಆಡಳಿತದ ಮುಖ್ಯಸ್ಥ; ಅಧಿಕಾರದ ದೃಷ್ಟಿಯಿಂದ ನಮ್ಮ ಮುಖ್ಯಮಂತ್ರಿಗೆ ಹತ್ತಿರ. ಆದರೆ ಸುಂಕ ವಿಧಿಸುವುದಾಗಲಿ, ಪರದೇಶದೊಡನೆ ಒಪ್ಪಂದ ಮಾಡಿಕೊಳ್ಳುವುದಾಗಲಿ ಅವನ ಕೈಯಲ್ಲಿಲ್ಲ. ವಿದೇಶಿ ವಾಣಿಜ್ಯದ ನಿಯಂತ್ರಣವನ್ನು ಸಂವಿಧಾನ ಕಾಂಗ್ರೆಸ್ಸಿಗೆ, ಅಂದರೆ ಅಮೆರಿಕದ ಸಂಸತ್ತಿಗೆ, ಕೊಟ್ಟಿದೆ. ಹಾಗಾಗಿ ತನ್ನ ರಾಜ್ಯದ ಸರಕು ಮಾರಲು ಗವರ್ನರ್‌ಗೆ ಉಳಿಯುವುದು ಎರಡೇ ದಾರಿ: ಹೊರದೇಶದಲ್ಲಿ ಸ್ನೇಹ, ವಾಷಿಂಗ್ಟನ್ನಿನಲ್ಲಿ ಒತ್ತಡ.

ಈ ಎರಡನ್ನೂ ಒಬ್ಬನೇ ವ್ಯಕ್ತಿಯಲ್ಲಿ ನೋಡಬೇಕೆಂದರೆ ಅಮೆರಿಕದ ಅಯೋವಾ ರಾಜ್ಯದ ಗವರ್ನರ್ ಆಗಿದ್ದ ಟೆರ್ರಿ ಬ್ರಾನ್‌ಸ್ಟಡ್ ಅವರನ್ನು ಓದಬೇಕು. 1983ರಿಂದ 1999, ಮತ್ತೆ 2011ರಿಂದ 2017: ಅಮೆರಿಕದ ಇತಿಹಾಸದಲ್ಲಿ ಇಷ್ಟು ದೀರ್ಘಕಾಲ ಗವರ್ನರ್ ಆಗಿದ್ದವರು ಬೇರೆ ಇಲ್ಲ. ಅಯೋವಾ ಮತ್ತು ಚೀನಾದ ಹೆಬೈ ಪ್ರಾಂತ್ಯಗಳು 1983ರಲ್ಲಿ ಸೋದರ ರಾಜ್ಯಗಳಾದವು. 1985ರಲ್ಲಿ ಹೆಬೈನಿಂದ ಬಂದ ಕೃಷಿ ನಿಯೋಗವೊಂದರ ಮುಂದಾಳು ಮಸ್ಕಟೀನ್ ಎಂಬ ಸಣ್ಣ ಊರಿನ ಮನೆಯೊಂದರಲ್ಲಿ ತಂಗಿದ್ದ. ಅವನೇ ಷಿ ಜಿನ್‌ಪಿಂಗ್. 2012ರ ಫೆಬ್ರವರಿಯಲ್ಲಿ ಉಪಾಧ್ಯಕ್ಷನಾಗಿ ಷಿ ಅಲ್ಲಿಗೇ ಮರಳಿದಾಗ, ಚೀನಾದ ಖರೀದಿದಾರರು ಅಯೋವಾದ ರಾಜಧಾನಿ ಡೆ ಮಾಯಿನ್‌ನಲ್ಲಿ ಸುಮಾರು 430 ಕೋಟಿ ಡಾಲರ್ ಮೌಲ್ಯದ ಸೋಯಾ ಖರೀದಿಗೆ ಸಹಿ ಹಾಕಿದರು. ವ್ಯಾಪಾರ ಪ್ರವರ್ತನೆ ಎಂಬುದು ಕರಪತ್ರ ಹಂಚುವ ಕೆಲಸವಲ್ಲ. ಇಪ್ಪತ್ತೇಳು ವರ್ಷ ಸಂಬಂಧವನ್ನು ಬಾಡದಂತೆ ಕಾಯುವ ಕೆಲಸ.

ಇನ್ನು ಎಥನಾಲ್. ಇಲ್ಲಿಯೇ ವಿಷಯ ಸಿಕ್ಕಾಗುವುದು. ಅಯೋವಾದ ಮೆಕ್ಕೆಜೋಳದ ಅರ್ಧಕ್ಕೂ ಹೆಚ್ಚು ಭಾಗ ಎಥನಾಲ್ ಕಾರ್ಖಾನೆಗಳಿಗೆ ಹೋಗುತ್ತದೆ. ಈ ಮಾರುಕಟ್ಟೆಗೆ ಆಧಾರ 2005ರ, ಆಮೇಲೆ 2007ರಲ್ಲಿ ವಿಸ್ತರಿಸಿದ ಒಕ್ಕೂಟ ಕಾನೂನು. ಪೆಟ್ರೋಲಿನಲ್ಲಿ ಜೈವಿಕ ಇಂಧನ ಬೆರೆಸುವುದನ್ನು ಅದು ಕಡ್ಡಾಯಗೊಳಿಸಿತು. 2013ರ ಕೊನೆಗೆ ಪರಿಸರ ಸಂರಕ್ಷಣಾ ಸಂಸ್ಥೆ ಆ ಪ್ರಮಾಣ ತಗ್ಗಿಸಲು ಹೊರಟಾಗ ಬ್ರಾನ್‌ಸ್ಟಡ್ ತೀವ್ರವಾಗಿ ವಿರೋಧಿಸಿದರು. 2016ರ ಅಧ್ಯಕ್ಷೀಯ ಚುನಾವಣೆಯ ಹೊತ್ತಿಗೆ ಅಭ್ಯರ್ಥಿಗಳನ್ನು ಎಥನಾಲ್ ಪರ ಮಾತಾಡಿಸಲು ಉದ್ಯಮ ಒಂದು ಪ್ರಚಾರ ಗುಂಪನ್ನೇ ಕಟ್ಟಿತ್ತು. ಅದರ ರಾಜ್ಯ ನಿರ್ದೇಶಕ ಗವರ್ನರ್‌ರ ಮಗ ಎರಿಕ್. ಅದೇ ವರ್ಷದ ಜನವರಿಯಲ್ಲಿ, ಕಡ್ಡಾಯವನ್ನು ವಿರೋಧಿಸಿದ್ದ ರಿಪಬ್ಲಿಕನ್ ಅಭ್ಯರ್ಥಿ ಟೆಡ್ ಕ್ರೂಜ್ ಸೋಲಬೇಕೆಂದು ತಂದೆ ಬಹಿರಂಗವಾಗಿ ಹೇಳಿದರು. ಆದರೆ ಅಭ್ಯರ್ಥಿಯನ್ನು ಆರಿಸುವ ಪಕ್ಷದ ಅಯೋವಾ ಸ್ಪರ್ಧೆಯಲ್ಲಿ ಕ್ರೂಜ್ ಗೆದ್ದೇಬಿಟ್ಟರು! ಎಥನಾಲ್ ಮತ್ತು ಹಂದಿ ಸಾಕಣೆಯಲ್ಲಿ ಬೆಳೆದ ಉದ್ಯಮಿ ಬ್ರೂಸ್ ರಾಸ್ಟೆಟರ್ ಬ್ರಾನ್‌ಸ್ಟಡ್ ಅವರ ದೊಡ್ಡ ದಾನಿಗಳಲ್ಲೊಬ್ಬರು. 2011ರಲ್ಲಿ ರಾಜ್ಯದ ವಿಶ್ವವಿದ್ಯಾಲಯಗಳ ಆಡಳಿತ ಮಂಡಳಿಗೆ ನೇಮಕಗೊಂಡರು.

ಇವೆಲ್ಲ ಲಾಬಿಯೇ? ಎಡವುವುದು ಈ ಪ್ರಶ್ನೆಗೆ. 1995ರ ಲಾಬಿ ಬಹಿರಂಗಪಡಿಸುವಿಕೆ ಕಾಯ್ದೆಯ ಪ್ರಕಾರ, ಚುನಾಯಿತ ಅಧಿಕಾರಿ ತನ್ನ ಅಧಿಕಾರದ ನೆಲೆಯಲ್ಲಿ ಸಂಸತ್ತಿಗೋ ಇಲಾಖೆಗೋ ಮಾಡುವ ಮನವಿ ಲಾಬಿಯ ಲೆಕ್ಕಕ್ಕೇ ಬರುವುದಿಲ್ಲ. ಎಥನಾಲ್ ಸಂಘದ ಪ್ರತಿನಿಧಿ ಹೇಳಿದರೆ ನೋಂದಣಿ, ವೆಚ್ಚದ ವರದಿ. ಗವರ್ನರ್ ಅದೇ ಮಾತು ಹೇಳಿದರೆ ರಾಜ್ಯದ ಹಿತ. ಉದ್ಯಮಕ್ಕೆ ಇದಕ್ಕಿಂತ ಅಗ್ಗದ ವಕೀಲ ಎಲ್ಲಿ ಸಿಗುತ್ತಾನೆ? ನಿಜ, ಮೆಕ್ಕೆಜೋಳ ಬೆಳೆಯುವ ಸಣ್ಣ ರೈತನೂ ಮತದಾರನೇ. ಅವನ ಹಿತವನ್ನೂ ಕಾರ್ಖಾನೆಯ ಹಿತವನ್ನೂ ಬಿಡಿಸಿ ನೋಡುವುದು ಸುಲಭವಲ್ಲ. ಸಕ್ಕರೆ ಕಾರ್ಖಾನೆಗಳ ಒಡೆಯರೇ ಶಾಸಕರೂ ಮಂತ್ರಿಗಳೂ ಆಗಿರುವುದನ್ನು ಕಂಡ ಕರ್ನಾಟಕದವರಿಗೆ ಈ ಗೊಂದಲ ಹೊಸದೇನಲ್ಲ.

2017ರಲ್ಲಿ ಬ್ರಾನ್‌ಸ್ಟಡ್ ಚೀನಾಕ್ಕೆ ರಾಯಭಾರಿಯಾಗಿ ಹೋದರು. ಮರುವರ್ಷದ ಜುಲೈನಲ್ಲಿ ವ್ಯಾಪಾರ ಯುದ್ಧ ಶುರುವಾಗಿ ಚೀನಾ ಅಮೆರಿಕದ ಸೋಯಾ ಮೇಲೆ ಶೇ. 25 ಹೆಚ್ಚುವರಿ ಸುಂಕ ಹೇರಿತು. ಹಳೆಯ ಗೆಳೆತನ ಅದನ್ನು ತಡೆಯಲಿಲ್ಲ. ಅತ್ತ ಅಯೋವಾದಲ್ಲಿ, ಅವರ ಉಪ ಗವರ್ನರ್ ಆಗಿದ್ದು ಉತ್ತರಾಧಿಕಾರಿಯಾದ ಕಿಮ್ ರೆನಾಲ್ಡ್ಸ್ ಚುನಾವಣೆಗೆ ನಿಂತಿದ್ದರು. ಮತದಾನಕ್ಕೆ ಒಂದು ತಿಂಗಳಿರುವಾಗ ಟ್ರಂಪ್ ಕೌನ್ಸಿಲ್ ಬ್ಲಫ್ಸ್‌ಗೆ ಬಂದು, ಶೇ. 15 ಎಥನಾಲ್ ಬೆರೆಸಿದ ಪೆಟ್ರೋಲನ್ನು ವರ್ಷವಿಡೀ ಮಾರಲು ಬಿಡುವುದಾಗಿ ಘೋಷಿಸಿದರು. ಸೋಯಾದವರಿಗೆ ಪರಿಹಾರ ಧನ, ಎಥನಾಲ್‌ನವರಿಗೆ ಮಾರುಕಟ್ಟೆ. ರೆನಾಲ್ಡ್ಸ್ ಗೆದ್ದರು.